ಪಿರಾನಾ ಉಪವಾಸ ಕೂತಿದೆಯೇ? ಮೊದಲು ಲೈಟ್ ಆರಿಸಿ

ಪ್ರಶ್ನೆ: ನಾವು ಮುಂಬಯಿಯ ಮುಲುಂಡಿನಲ್ಲಿದ್ದೇವೆ. ನಮ್ಮ ಮಾವನ ಗೆಳೆಯರೊಬ್ಬರು ಭಾಂಡುಪಿನಲ್ಲಿ ನಡೆಸುತ್ತಿದ್ದ ಬಾರ್ ಅಂಡ್ ರೆಸ್ಟೋರೆಂಟ್ ಹೋದ ತಿಂಗಳು ಮುಚ್ಚಿತು. ಕೌಂಟರ್ ಪಕ್ಕದ ಗಾಜಿನ ತೊಟ್ಟಿಯಲ್ಲಿ ಆರು ಪಿರಾನಾ ಮೀನು ಇದ್ದವು. ವಾಚ್‌ಮನ್ ಆಗಾಗ ಏನೋ ಹಾಕುತ್ತಿದ್ದನಂತೆ. ಚರಂಡಿಗೆ ಬಿಡುತ್ತಾರೆ ಎಂದು ಗೊತ್ತಾದಾಗ ಮನಸ್ಸು ತಡೆಯದೆ ನಾವೇ ತಂದೆವು. ಮೂರು ಅಡಿಯ ಹೊಸ ತೊಟ್ಟಿ ಕೊಂಡೆವು. ಹಳೆಯ ಫಿಲ್ಟರ್ ತುಂಬ ಕೊಳೆಯಾಗಿತ್ತು, ನಲ್ಲಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ ಹಾಕಿದೆವು. ಇವತ್ತಿಗೆ ಒಂಬತ್ತು ದಿನ. ಒಂದು ಚೂರೂ ಮುಟ್ಟಿಲ್ಲ. ಕೋಳಿಯ ಲಿವರ್, ಸಿಗಡಿ, ಬಂಗುಡೆ ಎಲ್ಲ ಹಾಕಿದ್ದಾಯಿತು. ಅಂಗಡಿಯವರು ಹೇಳಿದರೆಂದು ಜೀವಂತ ಗೋಲ್ಡ್‌ಫಿಶ್ ಕೂಡ ಬಿಟ್ಟೆವು. ಆರೂ ಫಿಲ್ಟರಿನ ಹಿಂದೆ ಮೂಲೆಯಲ್ಲಿ ನಿಂತಿರುತ್ತವೆ. ಲೈಟ್ ಹಾಕಿದರೆ ಒಂದು ಪಕ್ಕಕ್ಕೆ ಮಲಗಿಬಿಡುತ್ತದೆ. ನೀರು ಬೆಳ್ಳಗೆ ಮಬ್ಬಾಗಿದೆ. ‘ಹಸಿದು ಸಾಯ್ತಾವೆ, ಪಾಪ ಸುತ್ತಿಕೊಳ್ಳುತ್ತೆ’ ಎಂದು ಅತ್ತೆ ದಿನಾ ಹೇಳುತ್ತಾರೆ. ಏನು ಮಾಡಲಿ? ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಧೈರ್ಯ ಹೇಳಿ. ದೊಡ್ಡ ಪಿರಾನಾ ಒಂಬತ್ತು ದಿನದ ಉಪವಾಸಕ್ಕೆ ಸಾಯುವುದಿಲ್ಲ. ಮೈ ತುಂಬಿಕೊಂಡ ಮೀನಾದರೆ ಎರಡು ವಾರ, ಮೂರು ವಾರ ಊಟವಿಲ್ಲದೆ ದಾಟಿಸುತ್ತದೆ. ನಮ್ಮ ಹಾಗೆ ಮೈ ಬೆಚ್ಚಗೆ ಇಟ್ಟುಕೊಳ್ಳುವ ಖರ್ಚು ಅದಕ್ಕಿಲ್ಲ. ಈಗ ನಿಮ್ಮ ತೊಟ್ಟಿಯಲ್ಲಿ ಒಂದು ಮೀನು ಸತ್ತರೆ, ಅದನ್ನು ಕೊಂದದ್ದು ಅದು ತಿನ್ನದ ಊಟ ಅಂತ ತಿಳಿಯಿರಿ. ಆ ಬಿಳಿ ಮಬ್ಬು ನೋಡಿದ ಕೂಡಲೇ ನನಗೆ ಹಾಗನ್ನಿಸಿತು.

ನೀವು ಕೇಳಿದ್ದು ಊಟದ ಪ್ರಶ್ನೆ. ನಾನು ಊಟದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಮುಂಬಯಿಯಲ್ಲಿ ಪಿರಾನಾ ಎಂದು ಮಾರುವ ಮೀನುಗಳಲ್ಲಿ ಬಹಳಷ್ಟು ಪಿರಾನಾ ಅಲ್ಲವೇ ಅಲ್ಲ. ಅವು ಪಾಕು. ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಎಂದು ತಿನ್ನುವುದಕ್ಕೆ ಮಾರುತ್ತಾರಲ್ಲ, ಅದೇ. ಮರಿ ಇದ್ದಾಗ ಅದರ ಹೊಟ್ಟೆಯೂ ಕೆಂಪು, ಆಕಾರವೂ ತಟ್ಟೆಯ ಹಾಗೆ, ಯಾರಿಗಾದರೂ ಗೊಂದಲವಾಗುತ್ತದೆ. ದವಡೆ ನೋಡಬೇಕು. ಪಿರಾನಾದ ಕೆಳದವಡೆ ಜಗಳಕ್ಕೆ ನಿಂತವನ ಹಾಗೆ ಮುಂದಕ್ಕೆ ಚಾಚಿರುತ್ತದೆ. ಹಲ್ಲು ತ್ರಿಕೋನ, ಮೇಲಿನದು ಕೆಳಗಿನದು ಒಂದಕ್ಕೊಂದು ಕೂತುಕೊಳ್ಳುತ್ತವೆ. ಪಾಕುವಿನ ಹಲ್ಲು ಚೌಕ, ನಮ್ಮ ದವಡೆಹಲ್ಲನ್ನೇ ಕಿತ್ತು ಇಟ್ಟ ಹಾಗೆ. ಅಮೆಜಾನ್ ಕಡೆ ಪ್ರವಾಹ ಬಂದು ಕಾಡು ಮುಳುಗಿದಾಗ ನೀರಿಗೆ ಬೀಳುವ ಹಣ್ಣು, ಬೀಜ ಒಡೆದು ತಿನ್ನುವ ಹಲ್ಲು ಅದು. ಒಮ್ಮೆ ಚೆಂಬೂರಿನವರೊಬ್ಬರು, ‘ನಮ್ಮ ಪಿರಾನಾಕ್ಕೆ ಮಟನ್ ಹಾಕಿದರೂ ಮೂಸುವುದಿಲ್ಲ’ ಎಂದು ಕರೆಸಿಕೊಂಡರು. ಹೋಗಿ ನೋಡಿದರೆ ಪಾಕು. ಅಡುಗೆಮನೆಯಿಂದ ಒಂದು ಸೌತೆಕಾಯಿ ಚೂರು ತರಿಸಿ ಹಾಕಿದೆ. ಕ್ಷಣದಲ್ಲಿ ಮಾಯ. ಅವರ ಮುಖ ನೋಡಬೇಕಿತ್ತು. ಸೌತೆಕಾಯಿ ತಿನ್ನುವ ಮೀನಿಗೆ ಅವರು ಪಿರಾನಾದ ಬೆಲೆ ಕೊಟ್ಟಿದ್ದರು!

ನಿಮ್ಮವು ನಿಜವಾದ ಕೆಂಪು ಹೊಟ್ಟೆಯ ಪಿರಾನಾಗಳೇ. ಶಾಸ್ತ್ರೀಯ ಹೆಸರು ಪೈಗೋಸೆಂಟ್ರಸ್ ನ್ಯಾಟರೆರಿ. ಫೋಟೋದಲ್ಲಿ ಮುಕ್ಕಾಲು ಗೇಣು ಉದ್ದ ಕಾಣುತ್ತವೆ. ಪೂರ್ತಿ ಬೆಳೆದರೆ ಒಂದು ಗೇಣು ದಾಟುತ್ತವೆ.

ಈಗ ನೀರು. ಹಳೆಯ ಫಿಲ್ಟರಿನಲ್ಲಿ ನಿಮಗೆ ಕಂಡ ಕೊಳೆ ಇದೆಯಲ್ಲ, ಆ ಆರು ಮೀನುಗಳ ಜೀವ ಅದರಲ್ಲೇ ಇತ್ತು. ಮೀನು ಕಿವಿರಿನಿಂದ, ಮಲದಿಂದ ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ನೈಟ್ರೇಟ್ ಮಾಡುತ್ತವೆ. ಅದರಿಂದ ಅಷ್ಟು ತೊಂದರೆಯಿಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಸಂಸಾರ ಕಟ್ಟಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀವು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿದಿರಿ, ಮೇಲೆ ಒಣಗಿಸಿದಿರಿ. ವರ್ಷಗಟ್ಟಲೆ ಕೂಡಿಟ್ಟದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ನಿಮ್ಮನ್ನು ಬೈಯುತ್ತಿಲ್ಲ. ಹತ್ತರಲ್ಲಿ ಎಂಟು ಮನೆಯವರು ಇದನ್ನೇ ಮಾಡುತ್ತಾರೆ, ಅದೂ ಪ್ರೀತಿಯಿಂದ. ಪಾತ್ರೆ ಫಳಫಳ ಹೊಳೆಯಬೇಕು ಅನ್ನುವ ಮನೆಯಲ್ಲಿ ಬೆಳೆದವರು ನಾವು.

ನಾನೂ ಮಾಡಿದ್ದೇನೆ. ಮಾಟುಂಗದಲ್ಲಿ ಬಾಡಿಗೆಗಿದ್ದಾಗ ಮೊದಲ ಸಲ ನಾಲ್ಕು ಪಿರಾನಾ ತಂದೆ. ಹೊಸ ತೊಟ್ಟಿ, ಹೊಸ ಫಿಲ್ಟರ್, ಹೊಸ ಉತ್ಸಾಹ. ಎರಡು ದಿನ ತಿನ್ನಲಿಲ್ಲ. ನನಗೆ ತಡೆಯಲಿಲ್ಲ. ಬೆಳಿಗ್ಗೆ ಒಂದು ಬಗೆ, ಸಂಜೆ ಇನ್ನೊಂದು ಬಗೆ. ಹಾಕಿದ್ದೆಲ್ಲ ಕಲ್ಲಿನ ಸಂದಿಗೆ ಸೇರಿತು. ಆರನೇ ದಿನ ಬೆಳಿಗ್ಗೆ ಎರಡು ಮೇಲೆ ತೇಲುತ್ತಿದ್ದವು. ಹಸಿವೆಯಿಂದ ಸತ್ತವು ಎಂದು ಎಲ್ಲರಿಗೂ ಹೇಳಿದೆ. ಅಮೋನಿಯಾ ಎಂಬ ಪದ ನನಗೆ ಗೊತ್ತಾದದ್ದು ಆಮೇಲೆ.

ಹಾಗಾಗಿ ಇವತ್ತೇ ಮಾಡಬೇಕಾದದ್ದು ಇದು. ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡರದ್ದೂ ತನ್ನಿ. ಕುರ್ಲಾ ಆಗಲಿ, ಕ್ರಾಫರ್ಡ್ ಮಾರ್ಕೆಟ್ ಆಗಲಿ, ಎಲ್ಲಿ ಹತ್ತಿರವೋ ಅಲ್ಲಿ. ಎರಡೂ ಸೊನ್ನೆ ಇರಬೇಕು. ಅಮೋನಿಯಾ ಕಾಲು ಪಿಪಿಎಂ, ಅಂದರೆ ಲೀಟರಿಗೆ ಕಾಲು ಮಿಲಿಗ್ರಾಂ, ದಾಟಿತು ಅಂದರೆ ಮೀನಿಗೆ ಉರಿ ಶುರುವಾಗಿದೆ ಅಂತ ಅರ್ಥ. ಅಂಥ ಸ್ಥಿತಿಯಲ್ಲಿ ಯಾರಿಗೆ ಊಟ ಸೇರುತ್ತದೆ ಹೇಳಿ? ಮುಂಬಯಿಯ ಸೆಖೆಯಲ್ಲಿ ತೊಟ್ಟಿಯ ನೀರು ಸುಮ್ನೆ ಇಟ್ಟರೂ 28, 30 ಡಿಗ್ರಿ ಇರುತ್ತದೆ. ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಜಾಸ್ತಿ, ಆಮ್ಲಜನಕ ಕಮ್ಮಿ. ಮಬ್ಬು ಎಂದಿರಲ್ಲ, ಅದು ಕೊಳೆತ ಲಿವರ್ ತಿಂದು ಬೆಳೆದ ಬೇರೆ ಬ್ಯಾಕ್ಟೀರಿಯಾ. ಅದೂ ಆಮ್ಲಜನಕ ಹೀರುತ್ತದೆ. ಒಂದು ಏರ್ ಪಂಪ್ ಈಗಲೇ ಜೋಡಿಸಿ. ಮಬ್ಬು ತೆಗೆಯುತ್ತದೆ ಎಂದು ಮಾರುವ ಬಣ್ಣದ ಔಷಧಿ ಬಾಟಲಿಗಳ ಕಡೆ ನೋಡಬೇಡಿ.

ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ. ನಿಮ್ಮದು ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಇದ್ದರೆ ಸುಮಾರು 190 ಲೀಟರ್. ಅಂದರೆ ದಿನಕ್ಕೆ ಮೂರು, ನಾಲ್ಕು ಬಕೆಟ್. ಒಂದೇ ಸಲ ಪೂರ್ತಿ ಖಾಲಿ ಮಾಡಿ ತೊಳೆಯಬೇಡಿ. ಕೈ ತುರಿಸುತ್ತದೆ, ಗೊತ್ತು. ಆದರೂ ಬೇಡ. ಪೈಪಿನಿಂದ ತಳದಲ್ಲಿ ಬಿದ್ದ ಚೂರುಗಳನ್ನೆಲ್ಲ ಎಳೆದುಬಿಡಿ, ಅದರ ಜೊತೆಗೆ ಬಂದಷ್ಟು ನೀರು ಬರಲಿ. ಹಾಕುವ ನೀರಿಗೆ ಆಂಟಿಕ್ಲೋರಿನ್ ಹನಿ ಹಾಕಿರಬೇಕು. ಅದರಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್‌ಅನ್ನು ತಕ್ಷಣ ಮುರಿಯುತ್ತದೆ. ಇಲ್ಲವಾದರೆ ಡ್ರಮ್ಮಿನಲ್ಲಿ ಒಂದು ದಿನ ನೀರು ತುಂಬಿಟ್ಟು ಏರ್ ಪಂಪ್ ಹಾಕಿಡಿ.

ಒಂದು ವಿಷಯದಲ್ಲಿ ನಿಮಗೆ ಅದೃಷ್ಟವಿದೆ. ಮುಂಬಯಿಗೆ ತಾನ್ಸಾ, ವೈತರಣಾ, ಭಾತ್ಸಾದಂಥ ಕೆರೆ ಜಲಾಶಯಗಳ ನೀರು ಬರುತ್ತದೆ. ಮೆದು ನೀರು, ಬೋರ್‌ವೆಲ್ಲಿನ ಗಡಸುತನ ಇಲ್ಲ. ಅಮೆಜಾನ್ ಮೀನಿಗೆ ಇಂಥದ್ದೇ ಬೇಕು. ನಿಮ್ಮ ಸೊಸೈಟಿಯವರು ಬೋರ್‌ವೆಲ್ ನೀರು ಅಥವಾ ಟ್ಯಾಂಕರ್ ನೀರು ಬೆರೆಸುತ್ತಾರೋ ಎಂದು ಮಾತ್ರ ಒಮ್ಮೆ ವಿಚಾರಿಸಿ.

ಬ್ಯಾಕ್ಟೀರಿಯಾ ಬೇಗ ಕಟ್ಟಬೇಕಾದರೆ ಹೆಪ್ಪು ಹಾಕಬೇಕು, ಮೊಸರಿನ ಹಾಗೆಯೇ. ಪರಿಚಯದವರ ಮನೆಯಲ್ಲಿ ಆರು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಇದ್ದರೆ, ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ. ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತನ್ನಿ, ನಿಮ್ಮ ಫಿಲ್ಟರಿನೊಳಗೆ ತುರುಕಿ. ಅಂಗಡಿಯ ತೊಟ್ಟಿಯಿಂದ ಬೇಡ, ಅಲ್ಲಿ ವಾರಕ್ಕೊಂದು ಹೊಸ ಮೀನಿನ ಜೊತೆ ವಾರಕ್ಕೊಂದು ಹೊಸ ರೋಗವೂ ಬಂದಿರುತ್ತದೆ. ನೈಟ್ರೈಟ್ ಏರಿದ್ದು ಕಂಡರೆ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ದಾರಿ ಬಿಡುವುದಿಲ್ಲ.

ನೀರು ಸರಿಹೋಗುತ್ತಿದೆ ಅಂದುಕೊಳ್ಳೋಣ. ಇನ್ನು ಹೆದರಿಕೆ.

ಪಿರಾನಾದಷ್ಟು ಹೆಸರು ಕೆಟ್ಟ ಮೀನು ಇನ್ನೊಂದಿಲ್ಲ. ಅದರ ಅರ್ಧ ಪಾಲು ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಸೇರಬೇಕು. 1913–14ರಲ್ಲಿ ಬ್ರೆಜಿಲ್ ಸುತ್ತಿ ಬಂದು, ಇದು ಜಗತ್ತಿನಲ್ಲೇ ಅತಿ ಕ್ರೂರ ಮೀನು ಎಂದು ಅವರು ಬರೆದದ್ದನ್ನೇ ಜಗತ್ತು ನಂಬಿತು. ಅಸಲಿಗೆ ಇದು ಪುಕ್ಕಲು ಮೀನು. ಮೊಸಳೆಯ ಜಾತಿಯ ಕೈಮನ್, ನದಿ ಡಾಲ್ಫಿನ್, ಕೊಕ್ಕರೆ, ದೊಡ್ಡ ಮೀನುಗಳು, ಎಲ್ಲರೂ ಅದನ್ನು ತಿನ್ನುವವರೇ. ಗುಂಪು ಕಟ್ಟಿಕೊಂಡು ಬೇಟೆಯಾಡುತ್ತದೆ ಎಂದು ಹೇಳುತ್ತಿದ್ದರು. ಬ್ರೆಜಿಲಿನಲ್ಲಿ ಹೆಲ್ಡರ್ ಕೆಯ್ರೋಜ್, ಆನ್ ಮಗುರನ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಎರಡೇ ಮೀನು ಇಟ್ಟಾಗ ಅವು ಏದುಸಿರು ಬಿಟ್ಟವು. ಎಂಟು ಇಟ್ಟಾಗ ಉಸಿರು ನಿಧಾನವಾಯಿತು. ಒಂಟಿಯಾಗಿದ್ದರೆ ಯಾರೋ ತಿಂದಾರು ಎಂಬ ದಿಗಿಲು. ಗುಂಪು ಕಟ್ಟುವುದು ಅದಕ್ಕೇ.

ನಿಮ್ಮ ಬಳಿ ಆರು ಇವೆ. ಆರನ್ನೂ ಒಟ್ಟಿಗೇ ಇಡಿ. ತಿನ್ನದ ಒಂದನ್ನು ಬೇರೆ ಬಕೆಟ್ಟಿಗೆ ಹಾಕಿ ಉಪಚಾರ ಮಾಡೋಣ ಅನ್ನಿಸಬಹುದು. ರೋಗವೋ, ದೊಡ್ಡ ಗಾಯವೋ ಇಲ್ಲದಿದ್ದರೆ ಬೇಡ.

ಲೈಟ್ ಹಾಕಿದರೆ ಪಕ್ಕಕ್ಕೆ ಮಲಗುವುದು ನಾನು ಹಲವು ಸಲ ನೋಡಿದ್ದೇನೆ. ಸಾಯುತ್ತಿದೆ ಅಂತ ಜೀವ ಹೌಹಾರುತ್ತದೆ. ಲೈಟ್ ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿದರೆ ನೆಟ್ಟಗೆ ನಿಂತಿರುತ್ತದೆ. ಗಾಬರಿಗೆ ಬಿದ್ದ ಮೀನು ಅದು. ಕತ್ತಲಲ್ಲೂ ಮಲಗಿಯೇ ಇದ್ದರೆ, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದ್ದರೆ, ಆಗ ಮತ್ತೆ ಅಮೋನಿಯಾ ನೋಡಿ.

ಒಂದು ವಾರ ತೊಟ್ಟಿಯ ಲೈಟ್ ಹಾಕಲೇಬೇಡಿ. ಕೋಣೆಯ ಬೆಳಕೇ ಸಾಕು. ಹಿಂದೆ ಮತ್ತು ಎರಡೂ ಪಕ್ಕಕ್ಕೆ ಹಳೆಯ ಪೇಪರ್ ಅಂಟಿಸಿ. ಮುಂಬಯಿ ಕನ್ನಡಿಗರ ಮನೆಯಲ್ಲಿ ಹಳೆಯ ಕನ್ನಡ ಪೇಪರಿಗೆ ಬರವೇ? ಒಳಗೆ ಅಡಗಲು ಜಾಗ ಬೇಕು. ದುಬಾರಿ ಮರದ ಬೇರು ಬೇಡ. ಕೊಳಾಯಿ ಕೆಲಸದವರ ಹತ್ತಿರ ಆರಿಂಚಿನ ಪಿವಿಸಿ ಪೈಪಿನ ತುಂಡು ಸಿಗುತ್ತದೆ, ಅಂಚು ಉಜ್ಜಿ ನುಣುಪು ಮಾಡಿ ಎರಡು ಮಲಗಿಸಿ. ಮಣ್ಣಿನ ಕುಂಡ ಅಡ್ಡ ಇಟ್ಟರೂ ನಡೆಯುತ್ತದೆ. ನೋಡಲು ಚಂದ ಇರುವುದಿಲ್ಲ. ಮೀನಿಗೆ ಚಂದ ಬೇಕಿಲ್ಲ. ಅಡಗಲು ಜಾಗ ಇದ್ದರೆ ಮೀನು ಕಾಣುವುದೇ ಇಲ್ಲ ಎಂದು ಜನ ತೆಗೆದುಬಿಡುತ್ತಾರೆ. ತಿರುಗಾ ಮುರುಗಾ ಆಗುತ್ತದೆ. ಓಡಿಹೋಗಲು ಗೂಡು ಇದೆ ಅಂತ ಗೊತ್ತಿದ್ದ ಮೀನೇ ಹೊರಗೆ ಬರುವುದು.

ತೊಟ್ಟಿ ಎಲ್ಲಿಟ್ಟಿದ್ದೀರಿ? ಫೋಟೋದಲ್ಲಿ ಹಿಂದೆ ಟೀವಿಯ ಮೂಲೆ ಕಾಣುತ್ತಿದೆ. ಅದೇ ನನಗೆ ಚಿಂತೆ. ಪಿರಾನಾದ ಕಿವಿ ಬಹಳ ಚುರುಕು. ಅದರ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಎಲುಬುಗಳ ಒಂದು ಸರಪಳಿಯೇ ಇದೆ. ನೀರಿನ ಪ್ರತಿ ಅದುರೂ ಅದಕ್ಕೆ ಕೇಳಿಸುತ್ತದೆ. ಗಾಜಿಗೆ ಬೆರಳಿನಿಂದ ತಟ್ಟುವುದು ಅಂದರೆ ತಗಡಿನ ಡಬ್ಬದೊಳಗೆ ನಮ್ಮನ್ನು ಕೂರಿಸಿ ಹೊರಗಿನಿಂದ ಬಡಿದ ಹಾಗೆ. ಮನೆಗೆ ಬಂದ ಮಕ್ಕಳಿಗೆ ಇದನ್ನು ಹೇಳಿಡಿ, ದೊಡ್ಡವರಿಗೆ ಎರಡು ಸಲ ಹೇಳಿ. ತೊಟ್ಟಿಯನ್ನು ಈಗ ಜರುಗಿಸಬೇಡಿ. ಟೀವಿಯನ್ನೇ ಬೇರೆ ಗೋಡೆಗೆ ಕಳಿಸಿ, ಇಲ್ಲವೇ ಸದ್ದು ತಗ್ಗಿಸಿ. ಗಣಪತಿ ಹಬ್ಬ ಬಂತು. ನಿಮ್ಮ ಗಲ್ಲಿಯಲ್ಲಿ ಢೋಲ್ ತಾಶಾ ಮೆರವಣಿಗೆ ಹೋಗುವ ದಿನ ಕಿಟಕಿ ಹಾಕಿ, ತೊಟ್ಟಿಯ ಮೇಲೆ ದಪ್ಪ ಹೊದಿಕೆ ಹೊದಿಸಿ, ಗಾಳಿಗೆ ಸ್ವಲ್ಪ ಸಂದಿ ಬಿಟ್ಟು. ಆ ದಿನ ಊಟ ಹಾಕಬೇಡಿ. ಗಾಬರಿಯಲ್ಲಿ ಗಾಜಿಗೆ ಗುದ್ದಿಕೊಂಡು ಮೂತಿ ಸೀಳಿಕೊಂಡ ಮೀನು ನೋಡಿದ್ದೇನೆ. ಮೇಲೆ ಗಟ್ಟಿ ಮುಚ್ಚಳವೂ ಇರಲಿ. ಹಾರುತ್ತವೆ.

ಈಗ ಊಟಕ್ಕೆ ಬರೋಣ.

ಮೂರು ದಿನ ಏನೂ ಹಾಕಬೇಡಿ. ಅತ್ತೆಯವರು ಬೈದರೆ ನನ್ನ ಹೆಸರು ಹೇಳಿ. ಆ ಗೋಲ್ಡ್‌ಫಿಶ್ ಇನ್ನೂ ಬದುಕಿದ್ದರೆ ತೆಗೆದು ಬೇರೆ ಇಡಿ. ಆರು ಪಿರಾನಾ ಮೂಲೆಯಲ್ಲಿ ನಡುಗುತ್ತಾ ನಿಂತಿರುವಾಗ ಒಂದು ಗೋಲ್ಡ್‌ಫಿಶ್ ನಡುಮನೆಯಲ್ಲಿ ಆರಾಮಾಗಿ ಓಡಾಡುವ ಚಿತ್ರ ನೆನೆಸಿಕೊಂಡು ನನಗೆ ನಗು ಬಂತು. ಆದರೆ ಜೀವಂತ ಗೋಲ್ಡ್‌ಫಿಶ್ ಹಾಕುವ ಸಲಹೆ ಕೆಟ್ಟದ್ದು. ಅಗ್ಗದ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ನೂರಾರು ತುಂಬಿರುತ್ತಾರೆ. ಬಿಳಿಚುಕ್ಕೆ ರೋಗ, ಜಂತು ಎಲ್ಲ ಅದರ ಜೊತೆ ಬರುತ್ತವೆ. ಅದಕ್ಕಿಂತ ಮುಖ್ಯ, ಗೋಲ್ಡ್‌ಫಿಶ್ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ. ಅದು ಬಿ1 ವಿಟಮಿನ್ ಒಡೆದು ಹಾಕುತ್ತದೆ. ಅದನ್ನೇ ತಿಂದುಕೊಂಡಿದ್ದ ಮೀನು ತಿಂಗಳುಗಳ ನಂತರ ನರ ದುರ್ಬಲವಾಗಿ ಓಲಾಡತೊಡಗುತ್ತದೆ. ಹೋಟೆಲಿನಲ್ಲಿ ಗಿರಾಕಿಗಳ ಮೋಜಿಗೆ ಇದನ್ನೇ ಹಾಕುತ್ತಿದ್ದರೋ ಏನೋ, ಮಾವನವರ ಗೆಳೆಯರನ್ನು ಕೇಳಿ ನೋಡಿ. ಅವು ಏನು ತಿಂದು ಬೆಳೆದವು ಎಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಕೋಳಿಯ ಲಿವರ್, ಮಟನ್ ಬೇಡ. ಬೆಚ್ಚಗಿನ ರಕ್ತದ ಪ್ರಾಣಿಗಳ ಕೊಬ್ಬು ಮೀನಿಗೆ ಅರಗುವುದು ಕಷ್ಟ. ಬಂಗುಡೆ ನಮಗೆ ಎಷ್ಟೇ ಪ್ರಿಯವಾದರೂ ತೊಟ್ಟಿಗೆ ಎಣ್ಣೆ ಜಾಸ್ತಿ, ನೀರಿನ ಮೇಲೆ ಪದರ ಕಟ್ಟುತ್ತದೆ. ಬೊಂಬಿಲ್, ಅಂದರೆ ಬಾಂಬೆ ಡಕ್ ಮೀನು, ಅಂತೂ ನೀರಿಗೆ ಹಾಕಿದರೆ ನೀರೇ ಆಗಿಬಿಡುತ್ತದೆ. ಮೊದಲ ಊಟಕ್ಕೆ ತಿಲಾಪಿಯಾ, ಊರ ಕಡೆ ಜಿಲೇಬಿ ಮೀನು ಅನ್ನುತ್ತಾರಲ್ಲ, ಅದು ಒಳ್ಳೆಯದು. ಬಾಸಾ ಫಿಲೆ ಸಿಕ್ಕರೆ ಅದೂ ಆದೀತು, ಎಲ್ಲಾ ಕಡೆ ಸಿಗುತ್ತದೆ. ಸಣ್ಣ ಸಿಗಡಿ ಸಿಪ್ಪೆ ಸಮೇತ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ದೋಣಿಗಳಿಗೆ ನಿಷೇಧವಿರುವ ತಿಂಗಳುಗಳಲ್ಲಿ ತಾಜಾ ಸಿಗಡಿ ಸಿಗುವುದು ಕಷ್ಟ, ಸಿಕ್ಕಾಗ ತಂದು ಫ್ರೀಜರಿನಲ್ಲಿ ಇಡಿ. ವಾರಗಟ್ಟಲೆ ಹೆಪ್ಪುಗಟ್ಟಿದ್ದರೆ ಜಂತುಗಳ ಕಾಟವೂ ಕಮ್ಮಿ. ಮೀನು ಮಾರುವ ಕೋಲಿ ಸಮುದಾಯದ ಹೆಂಗಸಿಗೆ ಉಪ್ಪು, ಅರಿಶಿನ ಏನೂ ಹಚ್ಚಬೇಡ ಎಂದು ಮೊದಲೇ ಹೇಳಿ. ಮನೆಯಲ್ಲೂ ಹೇಳಿ, ಫ್ರಿಜ್ಜಿನಲ್ಲಿ ಎರಡು ಡಬ್ಬಿ ಅದಲು ಬದಲಾಗಿ ಪಿರಾನಾಕ್ಕೆ ಮಸಾಲೆ ಸಿಗಡಿ ಹೋದ ಮನೆ ನನಗೆ ಗೊತ್ತು.

ಕರಗಿಸಿ ತೊಳೆದು, ಹೆಬ್ಬೆರಳಿನ ಉಗುರಿನಷ್ಟು ಚೂರು ಮಾಡಿ. ಪಿರಾನಾ ಅಂದ ಕೂಡಲೇ ಇಡೀ ತುಂಡು ಹಾಕುವ ಆಸೆ ಬರುತ್ತದೆ. ಹೆದರಿದ ಮೀನು ದೊಡ್ಡ ವಸ್ತು ನೀರಿಗೆ ಬಿದ್ದರೆ ಓಡುತ್ತದೆ. ಮುಸ್ಸಂಜೆ ಹಾಕಿ, ಕೋಣೆಯ ಲೈಟೂ ಮಂದ ಇರುವಾಗ. ಕಾಡಿನಲ್ಲೂ ದೊಡ್ಡ ಪಿರಾನಾಗಳು ಹೆಚ್ಚಾಗಿ ಮುಂಜಾನೆ, ಮುಸ್ಸಂಜೆ ಹೊತ್ತಿನಲ್ಲೇ ತಿನ್ನುತ್ತವೆ. ಆರು ಚೂರು, ಒಂದೇ ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಫಿಲ್ಟರಿನ ನೀರು ಬೀಳುವ ಕಡೆ ಒಂದೆರಡು ಬಿಟ್ಟರೆ ಹರಿವಿಗೆ ಅಲುಗಾಡುತ್ತವೆ. ಜೀವಂತ ಮೀನು ತಿಂದು ರೂಢಿಯಾದವಕ್ಕೆ ಅಲುಗಾಟವೇ ಆಹಾರದ ಗುರುತು. ಹಾಕಿ, ಎದ್ದು ಹೋಗಿ. ಪರದೆಯ ಹಿಂದೆ ನಿಂತು ಇಣುಕುವುದೂ ಬೇಡ. ನೋಡಲೇಬೇಕು ಅಂದರೆ ಮೊಬೈಲನ್ನು ಡಬ್ಬಿಗೆ ಒರಗಿಸಿ ರೆಕಾರ್ಡಿಂಗ್ ಹಾಕಿ, ಅಡುಗೆಮನೆಗೆ ಹೋಗಿ ಚಹಾ ಮಾಡಿ.

ಒಂದು ಗಂಟೆ ಬಿಟ್ಟು ಬಂದು ಉಳಿದದ್ದನ್ನು ಎಣಿಸಿ ತೆಗೆಯಿರಿ. ಆರು ಹಾಕಿದ್ದರೆ ಆರೂ ಲೆಕ್ಕಕ್ಕೆ ಸಿಗಬೇಕು, ತಿಂದದ್ದೋ, ತೆಗೆದದ್ದೋ. ಎರಡು ದಿನ ಬಿಟ್ಟು ಮತ್ತೆ ಪ್ರಯತ್ನ. ಬಗೆ ಬದಲಿಸಬೇಡಿ. ಒಂದೇ ವಾಸನೆ, ಒಂದೇ ಹೊತ್ತು, ಒಂದೇ ಜಾಗ. ಮೂರನೇ ನಾಲ್ಕನೇ ಸಲಕ್ಕೆ ಯಾವುದಾದರೂ ಒಂದು ಧೈರ್ಯ ಮಾಡುತ್ತದೆ. ಸಾಮಾನ್ಯವಾಗಿ ಅತಿ ದೊಡ್ಡದಲ್ಲ, ಎರಡನೆಯದೋ ಮೂರನೆಯದೋ. ಒಂದು ಬಾಯಿ ಹಾಕಿ ಓಡಿಬಂದದ್ದು ಕಂಡರೆ ಉಳಿದವಕ್ಕೂ ಆಸೆ ಹುಟ್ಟುತ್ತದೆ. ಪಂಕ್ತಿಯಲ್ಲಿ ಮೊದಲ ತುತ್ತು ಯಾರು ಎತ್ತುತ್ತಾರೆ ಎಂದು ಕಾಯುತ್ತೇವಲ್ಲ, ಹಾಗೆಯೇ. ಆಗಲೂ ನೀವು ಎದುರಿಗೆ ಹೋಗಬೇಡಿ. ಆ ಖುಷಿಯನ್ನು ವಿಡಿಯೋದಲ್ಲೇ ನೋಡಿ.

ಅವು ಏನನ್ನೂ ಮುಟ್ಟದೆ ಎರಡು ವಾರ ಕಳೆದರೆ ಎರೆಹುಳು ಒಂದನ್ನು ಚೆನ್ನಾಗಿ ತೊಳೆದು ಬಿಡಿ. ರಾಸಾಯನಿಕ ಹಾಕದ ಕುಂಡದ್ದಾಗಿರಬೇಕು. ನನ್ನ ಅನುಭವದಲ್ಲಿ ಎರೆಹುಳುವಿಗೆ ಬೇಡ ಅಂದ ಮೀನು ಕಡಿಮೆ.

ತಿನ್ನಲು ಶುರು ಮಾಡಿದ ಮೇಲೆ ಇನ್ನೊಂದು ಅಪಾಯ ಇದೆ, ನಿಮ್ಮ ಖುಷಿ. ಈ ಗಾತ್ರದ ಮೀನಿಗೆ ಎರಡು ಮೂರು ದಿನಕ್ಕೊಮ್ಮೆ ಊಟ ಸಾಕು, ಹೊಟ್ಟೆ ತುಸು ದುಂಡಗೆ ಕಾಣುವಷ್ಟು. ಫಿಲ್ಟರ್ ಇನ್ನೂ ಎಳೆಗೂಸು ಎಂಬುದು ನೆನಪಿರಲಿ. ಒಂದೂವರೆ ತಿಂಗಳ ಮೇಲೆ ಒಳ್ಳೆಯ ಪೆಲೆಟ್, ಅಂದರೆ ಮೀನಿನ ಒಣ ಆಹಾರದ ಗುಳಿಗೆ, ಅಭ್ಯಾಸ ಮಾಡಿಸಿ. ಹಸಿದ ದಿನ ಮೊದಲು ಪೆಲೆಟ್, ಆಮೇಲೆ ಸಿಗಡಿ. ಜೀವಂತ ಮೀನಿಗೆ ಮತ್ತೆ ಹೋಗಬೇಡಿ.

ಬಾಲದ ಅಂಚು ಹರಿದದ್ದು ಕಂಡರೆ ಗಾಬರಿಯಾಗಬೇಡಿ, ತಮ್ಮತಮ್ಮಲ್ಲೇ ಕಚ್ಚಾಡುತ್ತವೆ. ನೀರು ಚೆನ್ನಾಗಿದ್ದರೆ ಬೇಗ ಬೆಳೆಯುತ್ತದೆ. ಬಾಯಿ ತೆರೆದಾಗ ಒಂದು ಪಕ್ಕದಲ್ಲಿ ಹಲ್ಲೇ ಇಲ್ಲದಂತೆ ಕಂಡರೂ ಗಾಬರಿ ಬೇಡ. ಪಿರಾನಾ ಒಂದು ಪಕ್ಕದ ಹಲ್ಲುಗಳನ್ನೆಲ್ಲ ಒಟ್ಟಿಗೇ ಉದುರಿಸಿ ಹೊಸ ಸಾಲು ತರುತ್ತದೆ. 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸ್ಕ್ಯಾನ್ ಮಾಡಿ ತೋರಿಸಿದರು. ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿಚುಕ್ಕೆ, ಹತ್ತಿಯಂಥ ಬಿಳಿ, ಬೆನ್ನು ಕತ್ತಿಯ ಹಾಗೆ ತೆಳ್ಳಗಾಗಿ ಹೊಟ್ಟೆ ಒಳಗೆ ಹೋಗಿರುವುದು, ಇವು ಕಂಡರೆ ಮಾತ್ರ ಮೀನಿನ ರೋಗ ತಿಳಿದ ಪಶುವೈದ್ಯರಿಗೆ ತೋರಿಸಿ. ಅಂಗಡಿಯ ನೀಲಿ, ಹಸಿರು ಔಷಧಿ ಅಂದಾಜಿನಲ್ಲಿ ಸುರಿಯಬೇಡಿ.

ಕೈ ವಿಷಯ. ತೊಟ್ಟಿಯೊಳಗೆ ಕೈ ಹಾಕಿದರೆ ಮೇಲೆ ಬೀಳುತ್ತವೆ ಎಂಬುದು ಕಥೆ. ಅವು ಓಡಿಹೋಗುತ್ತವೆ. ಆದರೂ ಊಟದ ಹೊತ್ತಿನಲ್ಲಿ, ಕೈಗೆ ಮೀನಿನ ವಾಸನೆ ಇರುವಾಗ, ಮೂಲೆಗೆ ಒತ್ತಿದಾಗ ಕಚ್ಚುವುದುಂಟು. ಉದ್ದದ ಚಿಮಟ ಇಟ್ಟುಕೊಳ್ಳಿ. ನಿಜವಾಗಿ ಕಡಿತ ಆಗುವುದು ಹಿಡಿಯುವಾಗ, ನೀರಿನಿಂದ ಹೊರಗೆ. ಬಲೆ ಹಾಕಿದರೆ ಬಲೆಯನ್ನೇ ಕತ್ತರಿಸುತ್ತವೆ, ಇಲ್ಲವೇ ಹಲ್ಲು ಸಿಕ್ಕಿಸಿಕೊಳ್ಳುತ್ತವೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ನೀರೊಳಗೆ ಇಳಿಸಿ ಮೀನನ್ನು ಅದರೊಳಗೆ ಓಡಿಸಿ, ನೀರಿನ ಸಮೇತ ಎತ್ತಬೇಕು. ಒಂದು ಡಬ್ಬಿಗೆ ಒಂದೇ ಮೀನು. ಎತ್ತಿದಾಗ ನಾಯಿಮರಿ ಬೊಗಳಿದಂಥ ಸದ್ದು ಬರಬಹುದು, ಡಬ್ಬಿ ಕೈಬಿಡಬೇಡಿ! ಗಾಳಿಚೀಲದ ಪಕ್ಕದ ಸ್ನಾಯು ಅದುರಿಸಿ ಮಾಡುವ ಸದ್ದು ಅದು. 2011ರಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದವರು ಇಂಥ ಮೂರು ಬಗೆಯ ಸದ್ದು ಗುರುತಿಸಿದ್ದಾರೆ.

ಡಬ್ಬಿಯ ಮಾತು ಯಾಕೆ ಬಂತೆಂದರೆ, ನಿಮ್ಮ ಮೂರಡಿಯ ತೊಟ್ಟಿ ಆರು ಮೀನಿಗೆ ಸಾಲದು. ಈಗಲೇ ಬದಲಿಸಬೇಡಿ. ಆರೂ ನೆಮ್ಮದಿಯಾಗಿ ತಿನ್ನಲಿ, ಫಿಲ್ಟರ್ ಗಟ್ಟಿಯಾಗಲಿ, ಎರಡು ತಿಂಗಳು ಹೋಗಲಿ. ಆಮೇಲೆ ಕನಿಷ್ಠ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ್ದು ಬೇಕು. ಅದರ ನೀರೇ 560 ಲೀಟರ್ ಮೇಲೆ, ಗಾಜು, ಸ್ಟ್ಯಾಂಡ್ ಸೇರಿದರೆ ಏಳುನೂರು ಕಿಲೋ. ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ ತೊಲೆಯ ಮೇಲೆ, ಗೋಡೆಗೆ ತಾಗಿಸಿ ಇಡಿ. ಹೊಸದಕ್ಕೆ ಹೋಗುವಾಗ ಫಿಲ್ಟರ್ ಒದ್ದೆಯಾಗಿಯೇ ಹೋಗಬೇಕು. ತೊಳೆಯಬೇಡಿ ಎಂದು ಮತ್ತೆ ಹೇಳುತ್ತಿದ್ದೇನೆ, ಕ್ಷಮಿಸಿ. ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಮುಂಬಯಿಯಲ್ಲಿ ಕರೆಂಟ್ ಹೋಗುವುದಿಲ್ಲ ಎಂದು ನಂಬಿದ್ದ ನಮ್ಮಂಥವರಿಗೆ 2020ರ ಅಕ್ಟೋಬರ್ 12 ಪಾಠ ಕಲಿಸಿತ್ತು.

ಅಷ್ಟು ಜಾಗ ಇಲ್ಲ, ಖರ್ಚು ಆಗದು ಅನ್ನಿಸಿದರೆ ತಪ್ಪೇನಿಲ್ಲ. ದೊಡ್ಡ ತೊಟ್ಟಿ ಇರುವ, ಅನುಭವ ಇರುವ ಮನೆ ಹುಡುಕಿ, ಆರನ್ನೂ ಒಟ್ಟಿಗೆ ಕೊಡಿ. ಪೊವಾಯಿ ಕೆರೆಗೋ, ನದಿಗೋ ಬಿಡುವ ಯೋಚನೆ ಮಾತ್ರ ಯಾರೂ ತಲೆಗೆ ಹಾಕದಿರಲಿ. ಗಾಜು ತೊಳೆಯುವ ಮೀನು ಎಂದು ಮಾರುವ ಸಕ್ಕರ್ ಮೀನನ್ನು ಜನ ಹೀಗೇ ಪುಣ್ಯ ಎಂದು ಬಿಟ್ಟು ಬಿಟ್ಟು, ಈಗ ದೇಶದ ಎಷ್ಟೋ ಕೆರೆಗಳಲ್ಲಿ ಬಲೆ ಎಳೆದರೆ ಅದೇ ಬರುತ್ತದೆ.

ಇವತ್ತು ರಾತ್ರಿ ಅಮೋನಿಯಾ ಎಷ್ಟು ಬಂತು ಎಂದು ಬರೆಯಿರಿ. ಮುಂದಿನ ಸಲ ಫೋಟೋ ಬೇಡ, ಫ್ಲ್ಯಾಶ್ ಬೆಳಕಿಗೇ ಆ ಒಂದು ಮಲಗಿಬಿಡುತ್ತಿರಬಹುದು. ಕತ್ತಲಲ್ಲಿ ತೆಗೆದ ವಿಡಿಯೋ ಮಬ್ಬಾಗಿದ್ದರೂ ನಡೆಯುತ್ತದೆ, ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ನಾನು ಎಣಿಸಿಕೊಳ್ಳುತ್ತೇನೆ.